ಹಬಲ್ ದೂರದರ್ಶಕಕ್ಕೂ ಕನ್ನಡಕ ಬೇಕಾಯಿತು

 

ಹೋದ ತಿಂಗಳ ಗೋಡೆ ಪತ್ರಿಕೆಯಲ್ಲಿ ನಮ್ಮ ತರಗತಿಯವರೇ ಒಬ್ಬರು "ಆಕಾಶ ನೋಡಲು ಕೋಟಿ ಕೋಟಿ ಯಾಕೆ?" ಎಂದು ಬರೆದಿದ್ದರು. ದೂರದರ್ಶಕಕ್ಕೆ ಹಣ ಸುರಿಯುವುದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ ಅಂತ ಅವರ ಅಭಿಪ್ರಾಯ. ಹಬಲ್ ಎಂಬ ದೂರದರ್ಶಕಕ್ಕೆ ಮೇಲೆ ಹೋದ ಮೇಲೆ ಕಣ್ಣೇ ಸರಿಯಾಗಿ ಕಾಣಲಿಲ್ಲವಂತೆ, ಆವಾಗಲೇ ಅದನ್ನು ಬಿಟ್ಟುಬಿಡಬೇಕಿತ್ತು ಅಂತಲೂ ಬರೆದಿದ್ದರು. ಓದಿದವರೆಲ್ಲ ನಕ್ಕರು. ನಾನೂ ಮೊದಲು ನಕ್ಕೆ. ಆಮೇಲೆ ನಗು ಬರಲಿಲ್ಲ. ಯಾಕೆ ಅಂದರೆ ಕಣ್ಣು ಸರಿಯಾಗಿ ಕಾಣದೆ ಇದ್ದದ್ದು ನನಗೂ. ಅದಕ್ಕೇ ವಿಜ್ಞಾನದ ಮೇಷ್ಟ್ರನ್ನು ಕೇಳಿ, ಅವರು ಕೊಟ್ಟ ಪುಸ್ತಕಗಳನ್ನು ಓದಿ, ಈ ಉತ್ತರ ಬರೆಯುತ್ತಿದ್ದೇನೆ.

ಮೊದಲು ನನ್ನ ಕಥೆ ಹೇಳಿಬಿಡುತ್ತೇನೆ. ಐದನೇ ತರಗತಿಯಿಂದಲೂ ನನಗೆ ಬೋರ್ಡಿನ ಮೇಲೆ 3 ಯಾವುದು 8 ಯಾವುದು ಗೊತ್ತಾಗುತ್ತಿರಲಿಲ್ಲ. ಪ ಮತ್ತು ಷ ಒಂದೇ ತರ ಕಾಣುತ್ತಿದ್ದವು. ಪಕ್ಕದವಳ ಪುಸ್ತಕ ನೋಡಿ ಬರೆಯುತ್ತಿದ್ದೆ. ಲೆಕ್ಕ ಮಾಡುವ ರೀತಿ ಗೊತ್ತಿದ್ದರೂ ಉತ್ತರ ತಪ್ಪಾಗುತ್ತಿತ್ತು, ಏಕೆಂದರೆ ಲೆಕ್ಕವನ್ನೇ ತಪ್ಪಾಗಿ ಇಳಿಸಿಕೊಂಡಿರುತ್ತಿದ್ದೆ. "ಇವಳಿಗೆ ಗಮನವೇ ಇಲ್ಲ" ಅನ್ನುತ್ತಿದ್ದರು. ಎಲ್ಲರಿಗೂ ಬೋರ್ಡು ಹೀಗೇ ಮಸುಕಾಗಿ ಕಾಣುತ್ತೆ, ಅವರು ಜಾಣರು ಅದಕ್ಕೆ ಓದ್ತಾರೆ, ನಾನು ದಡ್ಡಿ ಅದಕ್ಕೆ ಓದೋಕಾಗಲ್ಲ ಅಂತ ನಾನೂ ನಂಬಿದ್ದೆ. ಬೇರೆಯವರ ಕಣ್ಣಿನಿಂದ ನೋಡಿದವರು ಯಾರಿದ್ದಾರೆ ಹೇಳಿ?

ಹೋದ ವರ್ಷ ಮಾರ್ಚ್‌ನಲ್ಲಿ ಕಣ್ಣು ಪರೀಕ್ಷೆ ಮಾಡುವವರು ಶಾಲೆಗೆ ಬಂದರು. ಎರಡು ಕಣ್ಣಿಗೂ ಮೈನಸ್ ಎರಡು ಅಂದರು. ಏಪ್ರಿಲ್‌ನಲ್ಲಿ ಕನ್ನಡಕ ಬಂತು. ಮನೆಯಲ್ಲಿ ಅಜ್ಜಿ, "ಹೆಣ್ಣುಮಗಳಿಗೆ ಈಗಲೇ ಕನ್ನಡಕ ಹಾಕಿಸಿದರೆ ನಾಳೆ ಯಾರು ಒಪ್ಪುತ್ತಾರೆ?" ಅಂತ ಗೊಣಗಿದರು. ಬೀದಿಯಲ್ಲಿ "ಸೋಡಾಬುಡ್ಡಿ" ಅಂದರು. ಎರಡು ವಾರ ಕನ್ನಡಕವನ್ನು ಚೀಲದಲ್ಲಿ ಬಚ್ಚಿಟ್ಟಿದ್ದೆ.

ಒಂದು ರಾತ್ರಿ ಕರೆಂಟು ಹೋಯಿತು. ಸೆಕೆ ಅಂತ ಎಲ್ಲರೂ ಅಂಗಳದಲ್ಲಿ ಚಾಪೆ ಹಾಕಿಕೊಂಡು ಮಲಗಿದ್ದೆವು. ಕತ್ತಲಲ್ಲಿ ಯಾರು ನೋಡ್ತಾರೆ ಅಂತ ಕನ್ನಡಕ ಹಾಕಿಕೊಂಡೆ. ಅಲ್ಲಿಯವರೆಗೆ ನನಗೆ ನಕ್ಷತ್ರ ಅಂದರೆ ಒದ್ದೆ ಕಾಗದದ ಮೇಲೆ ಬಿದ್ದ ಇಂಕಿನ ಹಾಗೆ, ಹರಡಿಕೊಂಡ ಬೆಳಕು. ಆ ರಾತ್ರಿ ಅವು ಸೂಜಿಯ ಮೊನೆಯ ಹಾಗೆ ಚುಕ್ಕಿಗಳಾದವು. ಸಪ್ತರ್ಷಿ ಮಂಡಲದ ಬಾಲದಲ್ಲಿ ನಡುವೆ ಇರುವುದು ವಸಿಷ್ಠ. ಅದರ ಪಕ್ಕದಲ್ಲಿ ಒಂದು ಚಿಕ್ಕ ಚುಕ್ಕಿ ಕಂಡಿತು. ಅದೇ ಅರುಂಧತಿ! ನಮ್ಮ ಚಿಕ್ಕಮ್ಮನ ಮದುವೆಯಲ್ಲಿ ಎಲ್ಲರೂ ಕೈ ತೋರಿಸಿ "ಕಾಣ್ತಾ?" ಅಂದಾಗ ನಾನೂ "ಕಾಣ್ತು" ಅಂತ ಸುಳ್ಳು ಹೇಳಿದ್ದೆ. ನಿಜವಾಗಿ ಕಂಡದ್ದು ಆ ರಾತ್ರಿ. ಅಜ್ಜಿಗೆ ಹೇಳಿದೆ: "ಮದುವೆಯಲ್ಲಿ ಅರುಂಧತಿ ನೋಡು ಅಂತೀರಿ, ಕನ್ನಡಕ ಬೇಡ ಅಂತೀರಿ. ಮತ್ತೆ ಹೇಗೆ ನೋಡೋದು?" ಅಜ್ಜಿ ಏನೂ ಹೇಳಲಿಲ್ಲ. ಮಾರನೇ ದಿನದಿಂದ ನಾನು ಕನ್ನಡಕ ತೆಗೆಯಲಿಲ್ಲ.

ಈಗ ಹಬಲ್ ವಿಷಯಕ್ಕೆ ಬರುತ್ತೇನೆ. ಚಿಕ್ಕ ತರಗತಿಯವರು ದೂರದರ್ಶನ ಅಂತ ಓದಿಕೊಳ್ಳಬೇಡಿ, ಇದು ದೂರದರ್ಶಕ. ಇದನ್ನು ಆಕಾಶಕ್ಕೇ ಯಾಕೆ ಕಳಿಸಬೇಕು, ಬೆಟ್ಟದ ಮೇಲೆ ಇಟ್ಟರೆ ಸಾಲದೇ ಅಂತ ನೀವು ಕೇಳಬಹುದು. ಕೆರೆಯ ನೀರಿನೊಳಗೆ ಮುಳುಗಿ ದಡದ ಮೇಲಿನ ಮರ ನೋಡಿದ್ದೀರಾ? ಮರ ಕುಣಿಯುತ್ತದೆ. ನಾವು ಗಾಳಿಯ ಕೆರೆಯ ತಳದಲ್ಲಿದ್ದೇವೆ. ನಕ್ಷತ್ರ ಮಿನುಗುವುದು ಅದಕ್ಕೇ. ಜೊತೆಗೆ ಬೆಳಕಿನ ಕೆಲವು ಬಗೆಗಳನ್ನು, ಅಂದರೆ ನೇರಳಾತೀತ ಕಿರಣಗಳಂಥವನ್ನು, ಗಾಳಿ ಬಹುಪಾಲು ತಡೆದುಬಿಡುತ್ತದೆ. ಆದ್ದರಿಂದ ಗಾಳಿಯ ಮೇಲೆ ದೂರದರ್ಶಕ ಇಡಬೇಕು ಎಂದು ಲೈಮನ್ ಸ್ಪಿಟ್ಜರ್ ಎಂಬ ಅಮೆರಿಕದ ವಿಜ್ಞಾನಿ 1946ರಲ್ಲೇ ಬರೆದಿದ್ದರು. ಆಗ ಒಂದು ಉಪಗ್ರಹವೂ ಮೇಲೆ ಹೋಗಿರಲಿಲ್ಲ.

1990ರ ಏಪ್ರಿಲ್ 24ರಂದು ಡಿಸ್ಕವರಿ ಎಂಬ ನೌಕೆ ಹಬಲ್ ದೂರದರ್ಶಕವನ್ನು ಹೊತ್ತುಕೊಂಡು ಹೋಯಿತು. ಸುಮಾರು 600 ಕಿ.ಮೀ. ಎತ್ತರದಲ್ಲಿ ಅದನ್ನು ಬಿಟ್ಟರು. ಅದು ಒಂದು ಬಸ್ಸಿನಷ್ಟು ದೊಡ್ಡದು. ಅದರ ದೊಡ್ಡ ಕನ್ನಡಿಯ ಅಗಲ 2.4 ಮೀಟರ್, ಅಂದರೆ ನಮ್ಮ ತರಗತಿಯ ಬಾಗಿಲಿನ ಎತ್ತರಕ್ಕಿಂತ ಹೆಚ್ಚು. ಎಡ್ವಿನ್ ಹಬಲ್ ಎಂಬ ವಿಜ್ಞಾನಿಯ ಹೆಸರನ್ನು ಅದಕ್ಕೆ ಇಟ್ಟರು. ದೇವಯಾನಿ ಎಂಬ ನೀಹಾರಿಕೆ ನಮ್ಮ ಆಕಾಶಗಂಗೆಯೊಳಗೆ ಇಲ್ಲ, ಅದು ಹೊರಗಿರುವ ಬೇರೆಯೇ ಒಂದು ಗ್ಯಾಲಕ್ಸಿ ಎಂದು ತೋರಿಸಿಕೊಟ್ಟವರು ಅವರು. ಗ್ಯಾಲಕ್ಸಿ ಅಂದರೆ ಕೋಟಿ ಕೋಟಿ ನಕ್ಷತ್ರಗಳ ಊರು.

ಅಂಥವರ ಹೆಸರಿಟ್ಟ ದೂರದರ್ಶಕ ಮೊದಲ ಚಿತ್ರಗಳನ್ನು ಕಳಿಸಿದಾಗ ಎಲ್ಲರ ಮುಖ ಸಪ್ಪಗಾಯಿತು. ನಕ್ಷತ್ರಗಳ ಸುತ್ತ ಬೆಳಕು ಹರಡಿಕೊಂಡು ಮಸುಕು ಮಸುಕು. ನನಗೆ ಕಾಣುತ್ತಿದ್ದ ಹಾಗೇ! ಸುಮಾರು 150 ಕೋಟಿ ಡಾಲರ್ ಖರ್ಚಾಗಿತ್ತು. ಜನ ನಕ್ಕರು, ಪತ್ರಿಕೆಗಳಲ್ಲಿ ವ್ಯಂಗ್ಯಚಿತ್ರ ಬರೆದರು.

ತಪ್ಪು ಎಲ್ಲಿ ಅಂತ ಹುಡುಕಿದರು. ಕನ್ನಡಿಯ ಅಂಚು ಇರಬೇಕಾದ್ದಕ್ಕಿಂತ 2.2 ಮೈಕ್ರಾನ್ ಚಪ್ಪಟೆಯಾಗಿತ್ತು. ಅಡಿಕೋಲಿನಲ್ಲಿ ಒಂದು ಮಿಲಿಮೀಟರ್ ನೋಡಿ. ಅದರಲ್ಲಿ 1000 ಮೈಕ್ರಾನ್ ಇರುತ್ತವೆ. 2.2 ಮೈಕ್ರಾನ್ ಅಂದರೆ ತಲೆಕೂದಲಿನ ದಪ್ಪದಲ್ಲಿ ಸುಮಾರು ಐವತ್ತನೇ ಒಂದು ಭಾಗ. ಇಷ್ಟಕ್ಕೆ ಇಷ್ಟು ಮಸುಕು! ಹೇಗಾಯಿತು ಅಂದರೆ, ಕನ್ನಡಿಯನ್ನು ಉಜ್ಜುವಾಗ ಅದರ ಆಕಾರ ಪರೀಕ್ಷಿಸುವ ಸಾಧನದಲ್ಲಿ ಒಂದು ಮಸೂರ 1.3 ಮಿ.ಮೀ. ಜಾಗ ತಪ್ಪಿ ಕೂತಿತ್ತು. ಸಾಧನ ತಪ್ಪಾಗಿದ್ದರಿಂದ ಕನ್ನಡಿ ಸರಿಯಾಗಿದೆ ಅಂತ ಅದು ಹೇಳುತ್ತಲೇ ಇತ್ತು. ಬೇರೆ ಎರಡು ಸಣ್ಣ ಪರೀಕ್ಷೆಗಳು "ಏನೋ ತಪ್ಪಿದೆ" ಅಂತ ತೋರಿಸಿದ್ದವು. ಆದರೆ ದೊಡ್ಡ ಸಾಧನವೇ ಸರಿ ಅಂದ ಮೇಲೆ ಸಣ್ಣವುಗಳ ಮಾತನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಇದನ್ನು ಓದಿದಾಗ ನನಗೆ ತುಂಬ ಬೇಜಾರಾಯಿತು. ಯಾಕೆ ಅಂತ ಕೊನೆಯಲ್ಲಿ ಹೇಳುತ್ತೇನೆ.

ಇಲ್ಲಿಯೇ ನನಗೆ ಬಹಳ ಇಷ್ಟವಾದ ಸಂಗತಿ ಇರುವುದು. ಆ ಕನ್ನಡಿಯನ್ನು ಅಡ್ಡಾದಿಡ್ಡಿ ಉಜ್ಜಿರಲಿಲ್ಲ. ತಪ್ಪಾದ ಆಕಾರಕ್ಕೆ ಬಹಳ ಸರಿಯಾಗಿ ಉಜ್ಜಿದ್ದರು! ಎಷ್ಟು ತಪ್ಪಿದೆ ಅಂತ ಅಳೆಯಲು ಬಂತು. ಅಳೆಯಲು ಬಂದ ಮೇಲೆ ಅಷ್ಟೇ ತಪ್ಪನ್ನು ತಿರುಗುಮುರುಗಾಗಿ ಇನ್ನೊಂದು ಸಣ್ಣ ಕನ್ನಡಿಯಲ್ಲಿ ಮಾಡಿದರೆ ಎರಡೂ ತಪ್ಪು ಸೇರಿ ಸರಿಯಾಗುತ್ತದೆ. ನನ್ನ ಕಣ್ಣಿನ ದೋಷ ಬೇರೆ, ಹಬಲ್‌ನ ದೋಷ ಬೇರೆ. ಆದರೆ ಉಪಾಯ ಒಂದೇ. ಮೈನಸ್ ಎರಡು ಅಂತ ಗೊತ್ತಾದ ಮೇಲೆ ತಾನೇ ನನಗೆ ಕನ್ನಡಕ ಮಾಡಿದ್ದು? ತಪ್ಪಿಗೆ ಒಂದು ನಂಬರ್ ಸಿಕ್ಕಿತು ಅಂದರೆ ಅದು ಬೈಯುವ ವಿಷಯ ಅಲ್ಲ, ಮಾಡುವ ಕೆಲಸ. ಇದೇ ನನ್ನ ಅಭಿಪ್ರಾಯ.

ಆದರೆ ದೂರದರ್ಶಕ ಮೇಲೆ ಸುತ್ತುತ್ತಿದೆ, ಅದರ ಹೊಟ್ಟೆಯೊಳಗೆ ಸರಿಯಾದ ಜಾಗದಲ್ಲಿ ಸಣ್ಣ ಕನ್ನಡಿಗಳನ್ನು ಹೇಗೆ ನಿಲ್ಲಿಸುವುದು? ಜೇಮ್ಸ್ ಕ್ರಾಕರ್ ಎಂಬ ಎಂಜಿನಿಯರ್ ಜರ್ಮನಿಯ ಹೋಟೆಲೊಂದರಲ್ಲಿ ಸ್ನಾನಕ್ಕೆ ಹೋಗಿದ್ದರು. ಅಲ್ಲಿಯ ನೀರಿನ ಶವರ್ ಕಂಬಿಯ ಮೇಲೆ ಜಾರುವಂತೆ, ಬೇಕಾದ ಕಡೆ ಬಾಗುವಂತೆ ಇತ್ತು. ಅದನ್ನು ನೋಡಿ, ಹೀಗೇ ಚಾಚುವ ಕೈಗಳ ತುದಿಯಲ್ಲಿ ಕನ್ನಡಿ ಇಡಬಹುದಲ್ಲ ಅಂತ ಅವರಿಗೆ ಹೊಳೆಯಿತು. ಹಾಗೆ ತಯಾರಾದ ಪೆಟ್ಟಿಗೆಯ ಹೆಸರು ಕೋಸ್ಟಾರ್. ಅದರೊಳಗಿನ ಕನ್ನಡಿಗಳು ನಾಣ್ಯದಷ್ಟು ಚಿಕ್ಕವು.

1993ರ ಡಿಸೆಂಬರ್‌ನಲ್ಲಿ ಎಂಡೆವರ್ ನೌಕೆಯಲ್ಲಿ ಏಳು ಜನ ಹೋದರು. ಐದು ಸಲ ನೌಕೆಯಿಂದ ಹೊರಗೆ ಬಂದು ಶೂನ್ಯದಲ್ಲಿ ತೇಲುತ್ತ ರಿಪೇರಿ ಮಾಡಿದರು. ಒಳಗಿದ್ದ ಒಂದು ಉಪಕರಣವನ್ನು ತೆಗೆದು ಆ ಜಾಗದಲ್ಲಿ ಕೋಸ್ಟಾರ್ ಕೂಡಿಸಿದವರು ಕ್ಯಾಥರಿನ್ ಥಾರ್ನ್‌ಟನ್ ಮತ್ತು ಟಾಮ್ ಏಕರ್ಸ್. ದೋಷ ತಿದ್ದುವ ಕನ್ನಡಿ ತನ್ನೊಳಗೇ ಇದ್ದ ಒಂದು ಹೊಸ ಕ್ಯಾಮೆರಾವನ್ನೂ ಹಾಕಿದರು. ಹಬಲ್‌ಗೆ ಕನ್ನಡಕ ಹಾಕಿದವರಲ್ಲಿ ಒಬ್ಬರು ಹೆಂಗಸು ಎಂದು ನಮ್ಮ ಅಜ್ಜಿಗೆ ಹೇಳಿದ್ದೇನೆ. ಮುಂದಿನ ಚಿತ್ರಗಳಲ್ಲಿ ನಕ್ಷತ್ರಗಳು ಚುಕ್ಕಿಗಳಾದವು. ಆ ಕ್ಷಣ ಅವರಿಗೆ ಹೇಗೆ ಅನ್ನಿಸಿರಬೇಕು ಅಂತ ನನಗೆ ಗೊತ್ತು.

ನೆಗಡಿ ಬಂತು ಅಂತ ಮೂಗು ಕೊಯ್ದುಕೊಂಡಿದ್ದರೆ ಏನು ಕಳೆದುಕೊಳ್ಳುತ್ತಿದ್ದೆವು, ಈಗ ನೋಡಿ. 1995ರಲ್ಲಿ ಹಬಲ್ ಕೆಲಸ ನೋಡಿಕೊಳ್ಳುವ ಸಂಸ್ಥೆಗೆ ರಾಬರ್ಟ್ ವಿಲಿಯಮ್ಸ್ ನಿರ್ದೇಶಕರು. ದೂರದರ್ಶಕದ ಸಮಯಕ್ಕೆ ವಿಜ್ಞಾನಿಗಳಲ್ಲಿ ಭಾರಿ ಪೈಪೋಟಿ. ನಿರ್ದೇಶಕರಿಗೆ ಮಾತ್ರ ತಮ್ಮ ಇಷ್ಟದಂತೆ ಬಳಸಲು ಸ್ವಲ್ಪ ಸಮಯ ಇರುತ್ತೆ. ಅವರು ಅದನ್ನು ಏನೂ ಇಲ್ಲದ ಒಂದು ಜಾಗ ನೋಡಲು ಕೊಟ್ಟರು! ಸಪ್ತರ್ಷಿ ಮಂಡಲದಲ್ಲೇ ಒಂದು ಕತ್ತಲೆಯ ತುಣುಕು. ನೂರು ಮೀಟರ್ ಓಟದ ಈ ತುದಿಯಲ್ಲಿ ನಿಂತು ಆ ತುದಿಯಲ್ಲಿ ಇಟ್ಟ ಟೆನಿಸ್ ಚೆಂಡನ್ನು ನೋಡಿದರೆ ಎಷ್ಟು ಕಾಣುತ್ತೋ ಅಷ್ಟೇ ಜಾಗ. ಅಲ್ಲಿ ಏನೂ ಕಾಣಲಿಕ್ಕಿಲ್ಲ, ಸಮಯ ದಂಡ ಅಂತ ದೊಡ್ಡ ವಿಜ್ಞಾನಿಗಳೇ ಹೇಳಿದ್ದರು. ಡಿಸೆಂಬರ್ 18ರಿಂದ 28ರವರೆಗೆ ಹತ್ತು ದಿನ, ಭೂಮಿಯನ್ನು ಸುಮಾರು 150 ಸುತ್ತು ಹಾಕುತ್ತ, ಹಬಲ್ ಆ ಒಂದೇ ಜಾಗ ನೋಡಿತು. 342 ಚಿತ್ರ ತೆಗೆದು ಒಂದರ ಮೇಲೊಂದು ಸೇರಿಸಿದರು. ಆ ಖಾಲಿ ಜಾಗದಲ್ಲಿ ಸುಮಾರು 3000 ಗ್ಯಾಲಕ್ಸಿಗಳು ಕಂಡವು!

ಆ ಚಿತ್ರ ನಮ್ಮ ವಿಜ್ಞಾನ ಮೂಲೆಯಲ್ಲಿ ಅಂಟಿಸಿದೆ, ಹೋಗಿ ನೋಡಿ. ರಂಗೋಲಿ ಪುಡಿ ಚೆಲ್ಲಿದ ಹಾಗಿರುವ ಒಂದೊಂದು ಚುಕ್ಕೆಯೂ ಕೋಟಿಗಟ್ಟಲೆ ನಕ್ಷತ್ರಗಳ ಒಂದು ಊರು. ಕೆಲವಕ್ಕೆ ಸುರುಳಿ ಇದೆ, ಕೆಲವು ಇನ್ನೂ ಆಕಾರ ಕೂಡದ ಮುದ್ದೆಗಳು. ಕೆಲವು ಗ್ಯಾಲಕ್ಸಿಗಳಿಂದ ಬೆಳಕು ಹೊರಟು ಸಾವಿರ ಕೋಟಿ ವರ್ಷಕ್ಕಿಂತ ಹೆಚ್ಚಾಗಿದೆ. ವಿಶ್ವದ ವಯಸ್ಸೇ ಸುಮಾರು 1380 ಕೋಟಿ ವರ್ಷ. ಅಂದರೆ ನಾವು ನೋಡುತ್ತಿರುವುದು ಗ್ಯಾಲಕ್ಸಿಗಳ ಬಾಲ್ಯದ ಫೋಟೋ. ಚಿಕ್ಕಂದಿನಲ್ಲಿ ಅವು ಹೇಗಿದ್ದವು, ಬೆಳೆದು ಹೇಗಾದವು ಅಂತ ಹೋಲಿಸಿ ನೋಡಲು ಇಂಥ ಚಿತ್ರಗಳು ಬೇಕು. ಆ ಚಿತ್ರವನ್ನು ವಿಲಿಯಮ್ಸ್ ತಮ್ಮ ಹತ್ತಿರವೇ ಇಟ್ಟುಕೊಳ್ಳಲಿಲ್ಲ. 1996ರ ಜನವರಿಯಲ್ಲೇ ಎಲ್ಲರಿಗೂ ಕೊಟ್ಟುಬಿಟ್ಟರು.

ಹಬಲ್ ಕಲಿಸಿದ ಪಾಠ ಮುಂದಿನವರಿಗೂ ಸಿಕ್ಕಿತು. 2021ರ ಡಿಸೆಂಬರ್ 25ರಂದು ಜೇಮ್ಸ್ ವೆಬ್ ಎಂಬ ಇನ್ನೊಂದು ದೂರದರ್ಶಕ ಹೋಯಿತು. ಅದು ಇರುವುದು ಭೂಮಿಯಿಂದ ಸುಮಾರು 15 ಲಕ್ಷ ಕಿ.ಮೀ. ದೂರದಲ್ಲಿ. ಅಲ್ಲಿಗೆ ಯಾರೂ ಹೋಗಿ ರಿಪೇರಿ ಮಾಡಲಾಗದು. ಅದರ 6.5 ಮೀಟರ್ ಕನ್ನಡಿಯನ್ನು 18 ತುಂಡುಗಳಾಗಿ ಮಾಡಿ, ಒಂದೊಂದನ್ನೂ ಇಲ್ಲಿಂದಲೇ ಅಲುಗಿಸುವ ಹಾಗೆ ಇಟ್ಟಿದ್ದಾರೆ. ಮೊದಲು ಅದು ಒಂದೇ ನಕ್ಷತ್ರವನ್ನು ನೋಡಿದಾಗ 18 ಮಸುಕು ನಕ್ಷತ್ರಗಳು ಕಂಡವು. ಯಾರೂ ಗಾಬರಿಯಾಗಲಿಲ್ಲ. ಸ್ವಲ್ಪ ಸ್ವಲ್ಪವೇ ಹೊಂದಿಸಿ 2022ರ ಮಾರ್ಚ್ ಹೊತ್ತಿಗೆ ಹದಿನೆಂಟನ್ನೂ ಒಂದು ಮಾಡಿದರು. ಹಾಗೆ ಹೊಂದಿಸಲು ಆರಿಸಿಕೊಂಡ ಆ ನಕ್ಷತ್ರವೂ ನಮ್ಮ ಸಪ್ತರ್ಷಿ ಮಂಡಲದಲ್ಲೇ ಇದೆ.

ಇದೆಲ್ಲ ಅಮೆರಿಕ, ಯುರೋಪಿನ ದೊಡ್ಡಸ್ತಿಕೆ, ನಮಗೇನು ಅನ್ನಬೇಡಿ. ನಮ್ಮ ಇಸ್ರೋ 2015ರ ಸೆಪ್ಟೆಂಬರ್ 28ರಂದು ಆಸ್ಟ್ರೋಸ್ಯಾಟ್ ಎಂಬ ಉಪಗ್ರಹ ಹಾರಿಸಿತು. ಅದರಲ್ಲಿರುವ ನೇರಳಾತೀತ ದೂರದರ್ಶಕವನ್ನು ಜೋಡಿಸಿದ್ದು ನಮ್ಮ ಹೊಸಕೋಟೆಯಲ್ಲಿ, ಬೆಂಗಳೂರಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಆಸ್ಟ್ರೋಫಿಸಿಕ್ಸ್‌ನವರು. ಅದರ ಕನ್ನಡಿ ಸುಮಾರು 38 ಸೆಂ.ಮೀ., ನಮ್ಮ ಅಡಿಕೋಲಿಗಿಂತ ಸ್ವಲ್ಪ ಉದ್ದ ಅಷ್ಟೆ. ಹಬಲ್ ಬಹಳ ಆಳವಾಗಿ ನೋಡಿದ್ದ ಇನ್ನೊಂದು ಜಾಗವನ್ನೇ ಇದೂ ನೋಡಿ, ಬೆಳಕು ಹೊರಟು 930 ಕೋಟಿ ವರ್ಷವಾದ ಒಂದು ಗ್ಯಾಲಕ್ಸಿಯ ತೀಕ್ಷ್ಣ ನೇರಳಾತೀತ ಕಿರಣ ಹಿಡಿಯಿತು. ಹಬಲ್‌ಗೆ ಅದು ಸಿಕ್ಕಿರಲಿಲ್ಲ. ಪುಣೆಯ ಕನಕ್ ಸಾಹಾ ಮತ್ತು ಅವರ ಜೊತೆಗಾರರು 2020ರಲ್ಲಿ ಇದನ್ನು ಪ್ರಕಟಿಸಿದರು. ಚಿಕ್ಕದು ಅಂತ ತಳ್ಳಿಹಾಕಬಾರದು ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ?

ಈಗ ಹಣದ ಪ್ರಶ್ನೆ. ನನ್ನ ಗೆಳೆಯರು ಕೇಳಿದ್ದು ತಪ್ಪಲ್ಲ. 150 ಕೋಟಿ ಡಾಲರ್ ದೊಡ್ಡ ಮೊತ್ತವೇ. ಆದರೆ ಅದು ಹೊಳೆಗೆ ಹೋಗುತ್ತಿದ್ದದ್ದು ಯಾವಾಗ? ಮಸುಕು ಅಂತ ಬಿಟ್ಟುಬಿಟ್ಟಿದ್ದರೆ. ರಿಪೇರಿ ಮಾಡಿದ್ದರಿಂದಲೇ ಅದು ಉಳಿಯಿತು. 1993, 1997, 1999, 2002, 2009, ಹೀಗೆ ಐದು ಸಲ ಮನುಷ್ಯರು ಹೋಗಿ ಅದರ ಆರೈಕೆ ಮಾಡಿದ್ದಾರೆ. ಕೊನೆಯ ಸಲ ಕೋಸ್ಟಾರ್ ಬೇಕಾಗಲಿಲ್ಲ, ಹೊಸ ಉಪಕರಣಗಳೆಲ್ಲ ದೋಷ ತಿದ್ದಿಕೊಂಡೇ ಬಂದಿದ್ದವು. ಅದನ್ನು ಇಳಿಸಿ ತಂದು ವಾಷಿಂಗ್ಟನ್ನಿನ ವಸ್ತುಸಂಗ್ರಹಾಲಯದಲ್ಲಿ ಇಟ್ಟರು. ಮುಂದೆ ದಿಕ್ಕು ಹಿಡಿದು ನಿಲ್ಲಿಸುವ ಗೈರೋಗಳು ಒಂದೊಂದಾಗಿ ಕೆಟ್ಟಾಗಲೂ ಕೈಬಿಡಲಿಲ್ಲ. 2024ರ ಜೂನ್‌ನಲ್ಲಿ ಒಂದೇ ಗೈರೋ ಬಳಸಿ ನೋಡುವ ಹಾಗೆ ಮಾಡಿದರು, ನಮ್ಮೂರ ಅಜ್ಜಂದಿರು ಒಂದು ಕೋಲೂರಿಕೊಂಡು ಹೊಲಕ್ಕೆ ಹೋಗುವ ಹಾಗೆ.

ಸಣ್ಣ ಪರೀಕ್ಷೆಗಳ ಮಾತು ಯಾರೂ ಕೇಳಲಿಲ್ಲ ಅಂತ ಓದಿದಾಗ ಬೇಜಾರಾಯಿತು ಅಂದೆನಲ್ಲ, ಈಗ ಹೇಳುತ್ತೇನೆ. ನಮ್ಮ ಬೀದಿಯಲ್ಲಿ ಒಬ್ಬ ಚಿಕ್ಕ ಹುಡುಗ ಇದ್ದಾನೆ. ಹೆಸರು ಬರೆಯುವುದಿಲ್ಲ. "ಬೋರ್ಡು ಕಾಣಲ್ಲ" ಅಂತ ಎರಡು ಮೂರು ಸಲ ಹೇಳಿದ. "ನೆಪ ಹೇಳ್ತಾನೆ" ಅಂತ ದೊಡ್ಡವರು ಬೈದರು. ಈಗ ಅವನು ಹೇಳುವುದನ್ನೇ ಬಿಟ್ಟಿದ್ದಾನೆ. ದನ ಕಾಯಲು ಹೋಗ್ತೀನಿ, ಶಾಲೆ ಬೇಡ ಅಂತಾನೆ. ಅವನು ಬೋರ್ಡು ನೋಡುವಾಗ ಕಣ್ಣು ಕಿರಿದು ಮಾಡುವುದನ್ನು ನಾನು ನೋಡಿದ್ದೇನೆ. ನಾನೂ ಹಾಗೇ ಮಾಡುತ್ತಿದ್ದೆ. ಅವನ ತಲೆ ಖಾಲಿ ಅನ್ನುತ್ತಾರೆ. ಖಾಲಿ ಜಾಗ ಅಂದಲ್ಲಿ 3000 ಗ್ಯಾಲಕ್ಸಿ ಇದ್ದವಲ್ಲ! ಮೊದಲು ಸರಿಯಾಗಿ ನೋಡಬೇಕು, ಆಮೇಲೆ ಹೇಳಬೇಕು.

ಆದ್ದರಿಂದ ನನ್ನ ಬೇಡಿಕೆ ಇಷ್ಟೆ. ಪ್ರತಿ ವರ್ಷ ಜೂನ್ ಮೊದಲನೇ ವಾರ ನಮ್ಮ ಶಾಲೆಯಲ್ಲಿ ಎಲ್ಲ ಮಕ್ಕಳ ಕಣ್ಣು ನೋಡಬೇಕು. ಯಾರೋ ಬರುವವರೆಗೆ ಕಾಯಬೇಕಾಗಿಲ್ಲ. ಅಕ್ಷರದ ಪಟವನ್ನು ಗೋಡೆಗೆ ತೂಗುಹಾಕಿ, 6 ಮೀಟರ್ ದೂರದಲ್ಲಿ ನಿಲ್ಲಿಸಿ, ಒಂದೊಂದೇ ಕಣ್ಣು ಮುಚ್ಚಿ ಓದಿಸಿದರೆ ಯಾರಿಗೆ ಕಷ್ಟ ಇದೆ ಅಂತ ಗೊತ್ತಾಗುತ್ತೆ. ಅವರನ್ನು ಕಣ್ಣಿನ ಡಾಕ್ಟರ ಹತ್ತಿರ ಕಳಿಸಬಹುದು. ನಂಬರ್ ಅವರು ಹೇಳ್ತಾರೆ. ಕನ್ನಡಕ ಹಾಕಿಕೊಂಡು ಬಂದವರನ್ನು ದಯವಿಟ್ಟು ಯಾರೂ ಸೋಡಾಬುಡ್ಡಿ ಅನ್ನಬೇಡಿ. ಅನ್ನಲೇಬೇಕು ಅನಿಸಿದರೆ "ಹಬಲ್" ಅನ್ನಿ, ಬೇಜಾರು ಮಾಡಿಕೊಳ್ಳುವುದಿಲ್ಲ.

ಇದು ಈ ವರ್ಷದ ಕೊನೆಯ ಗೋಡೆ ಪತ್ರಿಕೆ. ಪರೀಕ್ಷೆ ಮುಗಿದರೆ ನಾವು ಏಳನೆಯವರು ಬೇರೆ ಊರಿನ ಹೈಸ್ಕೂಲಿಗೆ ಹೋಗುತ್ತೇವೆ. ಜೂನ್‌ನಲ್ಲಿ ಕೇಳಲು ನಾನು ಇಲ್ಲಿ ಇರುವುದಿಲ್ಲ. ಅದಕ್ಕೇ ಬರೆದು ಅಂಟಿಸಿ ಹೋಗುತ್ತಿದ್ದೇನೆ. ಐದನೇ, ಆರನೇ ತರಗತಿಯವರು ಮೇಷ್ಟ್ರಿಗೆ ನೆನಪು ಮಾಡಬೇಕು.

ಈಗ ಮಾರ್ಚ್ ತಿಂಗಳು. ರಾತ್ರಿ ಒಂಬತ್ತರ ಮೇಲೆ ಈಶಾನ್ಯದ ಕಡೆ ಸಪ್ತರ್ಷಿ ಮಂಡಲ ಕಾಣುತ್ತೆ. ಮನೆಯಲ್ಲಿ ತಮ್ಮ ತಂಗಿಯರನ್ನು ಕರೆದುಕೊಂಡು ಹೋಗಿ ಅರುಂಧತಿ ಕಾಣ್ತಾ ಅಂತ ಕೇಳಿ. ಕಾಣಲ್ಲ ಅಂದವರನ್ನು ಬೈಯಬೇಡಿ. ಬೆಳಿಗ್ಗೆ ಶಾಲೆಗೆ ಬಂದು ಅವರ ಹೆಸರು ಹೇಳಿ.

ಬರೆದದ್ದರಲ್ಲಿ ತಪ್ಪಿದ್ದರೆ ತಿದ್ದಿ, ಬಿಸಾಡಬೇಡಿ.

ಇಂತಿ,
ಏಳನೇ ತರಗತಿಯ ವಿದ್ಯಾರ್ಥಿನಿ